ಟೆರೇಸಿನಲ್ಲಿ ಮರೆತುಬಿಟ್ಟ ಬ್ರಹ್ಮಕಮಲ

ತಪ್ಪು ಪೂರ್ತಿ ನನ್ನದೇ, ಮೊದಲೇ ಹೇಳಿಬಿಡುತ್ತೇನೆ. 2023ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ಮನೆಗೆ ಬಣ್ಣ ಹೊಡೆಸಿದೆವು. ಬಾಲ್ಕನಿಯ ಕುಂಡಗಳೆಲ್ಲ ಟೆರೇಸಿಗೆ ಹೋದವು. ಕೆಲಸ ಮುಗಿದ ಮೇಲೆ ಚಿಕ್ಕವು ಒಂದೊಂದಾಗಿ ಇಳಿದು ಬಂದವು. 14 ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿದ್ದ ಬ್ರಹ್ಮಕಮಲ ಮಾತ್ರ ಭಾರ, ಭಾನುವಾರ ಇಳಿಸೋಣ ಅಂದುಕೊಂಡೆವು. ಆ ಭಾನುವಾರ ಬರಲೇ ಇಲ್ಲ. ಏಪ್ರಿಲ್ ಕೊನೆಯಲ್ಲಿ ಸಂಡಿಗೆ ಒಣಗಿಸೋಕೆ ಮೇಲೆ ಹತ್ತಿದಾಗ ನೀರಿನ ಟ್ಯಾಂಕಿನ ಪಕ್ಕ ಅದು ಕಂಡಿತು.

ಒಂಬತ್ತು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ನಮ್ಮ ತವರಿನಿಂದ ಅಮ್ಮ ಪೇಪರಿನಲ್ಲಿ ಸುತ್ತಿ ಕೊಟ್ಟ ಒಂದೇ ಒಂದು ಎಲೆಯಿಂದ ಬಂದ ಗಿಡ ಅದು. ಈಗ ಎಲೆಗಳೆಲ್ಲ ಹಳದಿ, ಬಿಸಿಲು ನೇರ ಬೀಳುವ ಕಡೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಪ್ಪಳದ ಹಾಗಾಗಿದ್ದವು. ಮೇಲೆ ಅಲ್ಲಲ್ಲಿ ಬಿಳಿ ಪೇಂಟಿನ ಹನಿ. ಮಣ್ಣು ಮುಟ್ಟಿದರೆ ಇಟ್ಟಿಗೆ. ಕುಂಡದ ಗೋಡೆಗೂ ಮಣ್ಣಿಗೂ ಮಧ್ಯೆ ಬೆರಳು ತೂರುವಷ್ಟು ಬಿರುಕು.

ಅಯ್ಯೋ ಪಾಪ ಅನಿಸಿ ಇಬ್ಬರು ಸೇರಿ ಕೆಳಗಿಳಿಸಿ, ಒಂದು ಚೊಂಬು ಅಲ್ಲ, ಅರ್ಧ ಬಕೆಟ್ ನೀರು ಸುರಿದೆ. ಸರ್ರನೆ ಇಳಿದುಹೋಯಿತು. ಎಷ್ಟು ಬಾಯಾರಿದೆ ನೋಡು ಅಂದುಕೊಂಡು ದಿನಾ ಹಾಕಿದೆ. ಮೂರನೇ ದಿನ ನೆನೆಸಿದ ಕಡಲೆಕಾಯಿ ಹಿಂಡಿಯ ನೀರೂ ಕೊಟ್ಟೆ. ಮೂರು ತಿಂಗಳ ಉಪವಾಸದವರನ್ನು ಎಬ್ಬಿಸಿ ಹೋಳಿಗೆ ತುಪ್ಪ ತಿನ್ನಿಸಿದ ಹಾಗೆ. ಹತ್ತು ದಿನಕ್ಕೆ ಬುಡದ ಎರಡು ಕಾಂಡ ಮೆತ್ತಗಾಗಿ ಕೆಟ್ಟ ವಾಸನೆ ಶುರುವಾಯಿತು.

ಅಮ್ಮನಿಗೆ ಫೋನ್ ಮಾಡಿದೆ. "ನೀರು ನಿಲ್ಸೇ ಮಾರಾಯ್ತಿ, ಬಿಸಿಲಲ್ಲಿ ಸಾಯದ ಗಿಡನ ನೀರು ಹಾಕಿ ಕೊಲ್ತೀಯಲ್ಲ. ಮೊದ್ಲು ಬುಡ ಕಿತ್ತು ನೋಡು" ಅಂದರು.

ಕುಂಡ ಅಡ್ಡ ಮಲಗಿಸಿ ಬಡಿದು ಬಡಿದು ಮಣ್ಣಿನ ಉಂಡೆ ಹೊರಗೆ ತೆಗೆದಾಗ ಕಥೆ ಗೊತ್ತಾಯಿತು. ಉಂಡೆಯ ನಡುಭಾಗ ಬಣಬಣ ಒಣಗಿತ್ತು. ತಳದ ನಾಲ್ಕು ಬೆರಳು ಮಾತ್ರ ಕೆಸರು. ಯಾಕಂದರೆ ತಳದಲ್ಲಿದ್ದ ಒಂದೇ ತೂತಿಗೆ ಗೋಡೆಗೆ ಹಚ್ಚುವ ಪುಟ್ಟಿ ಮೆತ್ತಿಕೊಂಡು ಗಟ್ಟಿಯಾಗಿಬಿಟ್ಟಿತ್ತು! ನಾನು ಸುರಿದ ನೀರು ಬಿರುಕಿನಲ್ಲಿ ಇಳಿದು ಸೀದಾ ತಳಕ್ಕೆ ಹೋಗಿ ಅಲ್ಲೇ ನಿಂತಿತ್ತು. ಗಿಡ ಕುಡಿದೇ ಇರಲಿಲ್ಲ. ಮೇಲಿನ ಬೇರು ಒಣಗಿ ಸತ್ತಿದ್ದವು, ಕೆಳಗಿನವು ಕೊಳೆತು ಸತ್ತಿದ್ದವು. ಜೀವ ಇದ್ದದ್ದು ಮಧ್ಯದಲ್ಲಿ ಒಂದು ಹಿಡಿ ಅಷ್ಟೇ.

ಇಲ್ಲಿ ಒಂದು ವಿಷಯ ಹೇಳಬೇಕು. ಹಿಮಾಲಯದಲ್ಲಿ ಬೆಳೆಯುವ ಬ್ರಹ್ಮಕಮಲಕ್ಕೂ ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ. ನಮ್ಮದು ಕಳ್ಳಿ ಜಾತಿ, ಎಲೆ ಅಂತ ನಾವು ಕರೆಯುವುದು ಅದರ ಚಪ್ಪಟೆ ಕಾಂಡ. ಮೂಲ ಮೆಕ್ಸಿಕೋ, ಮಧ್ಯ ಅಮೆರಿಕದ ಕಾಡು. ಅಲ್ಲಿ ಮರದ ಕವಲಲ್ಲಿ, ತರಗೆಲೆ ಕೊಳೆತ ಜಾಗದಲ್ಲಿ ಬೇರು ಬಿಟ್ಟು ಬದುಕುತ್ತದೆ, ನಮ್ಮ ಮಲೆನಾಡಲ್ಲಿ ಸೀತಾಳೆ (ಕಾಡಿನ ಆರ್ಕಿಡ್) ಮರಕ್ಕೆ ಅಂಟಿಕೊಂಡಿರುತ್ತದಲ್ಲ, ಹಾಗೆ. ಕಳ್ಳಿ ಅಂತ ಸುಡುಬಿಸಿಲಿಗೆ ಇಟ್ಟರೂ ಕಷ್ಟ, ಬೇರಿಗೆ ಗಾಳಿ ಇಲ್ಲದ ಜಿಗುಟು ಮಣ್ಣಲ್ಲಿ ಇಟ್ಟರೂ ಕಷ್ಟ. ಇಷ್ಟು ವರ್ಷ ನಾನು ಇಟ್ಟಿದ್ದು ಬರೀ ಕೆಮ್ಮಣ್ಣಲ್ಲಿ.

ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಕೊಳೆತ ಬೇರು, ಮೆತ್ತಗಾದ ಕಾಂಡ ಎಲ್ಲ ಕತ್ತರಿಸಿದೆ. ಕತ್ತರಿಸಿದ ಜಾಗದಲ್ಲಿ ಒಳಗೆ ಹಸಿರು ಕಾಣುವವರೆಗೂ ಕತ್ತರಿಸಬೇಕು, ಕಂದು ಗೆರೆ ಉಳಿದರೆ ಕೊಳೆತ ಮತ್ತೆ ಮೇಲೆ ಹತ್ತುತ್ತದೆ. ಕೈ ನಡುಗುತ್ತೆ, ನಿಜ. ಮುಕ್ಕಾಲು ಗಿಡ ಹೋಯಿತು. ತಾಯಿಗಿಡ ಉಳಿಯದಿದ್ದರೆ ಅಂತ ಚೆನ್ನಾಗಿದ್ದ ಎಲೆಗಳಿಂದ ಗೇಣುದ್ದದ ಆರು ತುಂಡು ಮಾಡಿ ನೆರಳಲ್ಲಿ ಪೇಪರಿನ ಮೇಲೆ ಐದು ದಿನ ಹಾಗೇ ಬಿಟ್ಟೆ. ಗಾಯ ಒಣಗಿ ಚರ್ಮ ಕಟ್ಟಬೇಕು, ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ತಾಯಿಗಿಡಕ್ಕೂ ಎರಡು ದಿನ ಮಣ್ಣಿಲ್ಲ, ನೀರಿಲ್ಲ.

ಮಣ್ಣಿನ ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾನು ಹಾಕಿದ್ದು ಪುಡಿ ಮಾಡಿದ ಹಳೇ ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು ಪಾಲು, ತೆಂಗಿನ ಸಿಪ್ಪೆಯ ಚಿಕ್ಕ ತುಂಡು ಒಂದು ಪಾಲು, ಇನ್ನೊಂದು ಪಾಲು ಇದ್ದಿಲು ಮತ್ತು ಇಟ್ಟಿಗೆ ಚೂರು ಸೇರಿಸಿ. ಮೇಲೊಂದು ಹಿಡಿ ಬೇವಿನ ಹಿಂಡಿ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡ ಅನ್ನುವುದು ನನ್ನ ಅಭಿಪ್ರಾಯ, ಮಳೆಗಾಲದಲ್ಲಿ ಸ್ಪಂಜಿನ ಹಾಗೆ ನೀರು ಹಿಡಿದು ಕೂರುತ್ತದೆ. ಕುಂಡ 8 ಇಂಚಿನದು, ಮಣ್ಣಿನದು. ದೊಡ್ಡ ಗಿಡಕ್ಕೆ ಇಷ್ಟು ಚಿಕ್ಕದಾ ಅಂತ ಮನೆಯಲ್ಲಿ ಕೇಳಿದರು. ಕುಂಡ ನೋಡಬೇಕಾದ್ದು ಎಲೆಯ ಅಳತೆಗಲ್ಲ, ಬೇರಿನ ಅಳತೆಗೆ. ಒಂದು ಹಿಡಿ ಬೇರಿಗೆ ಒಂದು ಬುಟ್ಟಿ ಒದ್ದೆ ಮಣ್ಣು ಕೊಟ್ಟರೆ ಅದು ಒಣಗುವುದೇ ಇಲ್ಲ.

ನೆಟ್ಟ ಮೇಲೆ ಐದು ದಿನ ನೀರು ಮುಟ್ಟಿಸಲಿಲ್ಲ. ಆಮೇಲೂ ಬೆರಳಿನ ಎರಡು ಗೆಣ್ಣು ಮಣ್ಣಿಗೆ ತೂರಿಸಿ, ಒಣಗಿದೆ ಅನಿಸಿದರೆ ಮಾತ್ರ. ಜಾಗ ಪೂರ್ವದ ಬಾಲ್ಕನಿ, ಬೆಳಗಿನ ಬಿಸಿಲು ಒಂಬತ್ತು ಗಂಟೆವರೆಗೆ, ಆಮೇಲೆ ನೆರಳು.

ಇದಾದ ಮೇಲಿನ ಐದು ವಾರ ನಿಜವಾದ ಕಷ್ಟ, ಯಾಕಂದರೆ ಮಾಡೋಕೆ ಏನೂ ಇಲ್ಲ. ಎಲೆ ಇನ್ನೂ ಸುಕ್ಕಾಯಿತು. ಬೇರಿಲ್ಲದೆ ಗಿಡ ಎಲೆಯೊಳಗಿನ ನೀರನ್ನೇ ಬಳಸಿಕೊಳ್ಳುತ್ತಿರುತ್ತದೆ, ಸುಕ್ಕು ನೋಡಿ ನೀರು ಸುರಿದರೆ ಮತ್ತೆ ಅದೇ ಕಥೆ. ಕೈ ತಡೆಯದೆ ಒಂದು ಸಲ ಮೆಲ್ಲಗೆ ಎಳೆದು ನೋಡಿದೆ. ಸ್ವಲ್ಪ ಬಿಗಿ ಇತ್ತು, ಬೇರು ಹಿಡಿದಿದೆ ಅಂತ ಗೊತ್ತಾಯಿತು. ಜೂನ್ ಮಧ್ಯದಲ್ಲಿ ಒಂದು ಎಲೆಯ ಅಂಚಿನ ಕಚ್ಚಿನಲ್ಲಿ ಕೆಂಪು ಛಾಯೆಯ ಚಿಗುರು, ಅಕ್ಕಿ ಕಾಳಿನಷ್ಟು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಕಾಣ್ತಿಲ್ಲ" ಅಂದರು.

ಚಿಗುರಿನ ಹಿಂದೆಯೇ ಹಿಟ್ಟು ತಿಗಣೆ (ಗಿಡದ ರಸ ಹೀರುವ ಬಿಳಿ ಹುಳ, ಮೀಲಿಬಗ್) ಬಂತು. ಇರುವೆ ಸಾಲು ಕಂಡರೆ ಅನುಮಾನ ಪಡಿ, ತಿಗಣೆ ಬಿಡುವ ಸಿಹಿ ಅಂಟಿಗೆ ಅವು ಬರುತ್ತವೆ, ತಿಗಣೆಯನ್ನು ಕಾಯುತ್ತವೆ ಕೂಡ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದಾಗಿ ಒರೆಸಿದೆ. ಆಮೇಲೆ ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ, ವಾರಕ್ಕೊಮ್ಮೆ ಸಂಜೆ ಹೊತ್ತು ಮೂರು ವಾರ ಸಿಂಪಡಿಸಿದೆ. ಕುಂಡವನ್ನು ನೀರಿನ ತಟ್ಟೆಯ ಮಧ್ಯೆ ಕಲ್ಲಿನ ಮೇಲಿಟ್ಟು ಇರುವೆ ದಾರಿ ಬಂದ್ ಮಾಡಿದೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನೂ ಯಾರದೋ ಮಾತು ಕೇಳಿ ಹಾಕಿದ್ದೆ, ಬಂದದ್ದು ಬರೀ ಗುಂಗಾಡು. ಗೊಬ್ಬರ ಅಂತ ಕೊಟ್ಟಿದ್ದು ಎರಡು ತಿಂಗಳ ನಂತರ ತಿಂಗಳಿಗೊಂದು ಹಿಡಿ ಎರೆಗೊಬ್ಬರ, ಅಷ್ಟೇ ಸಾಕಾಯಿತು.

ಆರು ತುಂಡಿನಲ್ಲಿ ಐದು ಹತ್ತಿದವು. ಆರನೆಯದನ್ನು ತಲೆಕೆಳಗಾಗಿ ನೆಟ್ಟಿದ್ದೆ! ಎಲೆ ಮಧ್ಯಕ್ಕೆ ಕತ್ತರಿಸಿದರೆ ಬುಡ ಯಾವುದು ತುದಿ ಯಾವುದು ತಿಳಿಯಲ್ಲ, ಕತ್ತರಿಸುವಾಗಲೇ ಬುಡಕ್ಕೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ಮುಂದಿನ ವರ್ಷ ಜುಲೈನಲ್ಲಿ ಎರಡು ಮೊಗ್ಗು ಬಂದವು. ಒಂದು, ನೆಂಟರಿಗೆ ತೋರಿಸೋಕೆ ಅಂತ ಕುಂಡವನ್ನು ಹಾಲ್‌ಗೆ ತಂದ ಮರುದಿನ ಉದುರಿತು. ಇನ್ನೊಂದನ್ನು ಯಾರೂ ಮುಟ್ಟದ ಹಾಗೆ ಕಾದೆ. ಜೋತಾಡುತ್ತಿದ್ದ ಮೊಗ್ಗು ಒಂದು ಸಂಜೆ ಕತ್ತೆತ್ತಿತು. ಒಂಬತ್ತಕ್ಕೆ ಬಿರಿಯಲು ಶುರು, ಹನ್ನೊಂದೂವರೆಗೆ ಪೂರ್ತಿ ಅರಳಿ ಮೆಟ್ಟಿಲವರೆಗೂ ಘಮ. ಪಕ್ಕದ ಮನೆಯವರು ನೈಟಿಯಲ್ಲೇ ಅರಿಶಿನ ಕುಂಕುಮ ಹಿಡಿದು ಬಂದರು. ಬೆಳಗ್ಗೆ ಆರಕ್ಕೆ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು.

ಈಗ ಬೇರು ಕುಂಡದ ತೂತಿನಿಂದ ಇಣುಕುತ್ತಿದೆ, ಈ ಮಳೆ ಮುಗಿದ ಮೇಲೆ 10 ಇಂಚಿನದಕ್ಕೆ ಬದಲಾಯಿಸಬೇಕು. ಹಳೇ ಪ್ಲಾಸ್ಟಿಕ್ ಕುಂಡದಲ್ಲಿ ದೊಡ್ಡಪತ್ರೆ ಇದೆ. ಸ್ಕ್ರೂಡ್ರೈವರ್ ಕಾಯಿಸಿ ಅದರ ತಳಕ್ಕೆ ಆರು ತೂತು ಮಾಡಿದ್ದೇನೆ.