ಮದುವೆಯ ಮಾತು ಫ್ರೆಂಚ್‌ಗೆ: ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ

ಇಂಗ್ಲಿಷ್‌ನ ‘ಮ್ಯಾರಿ’ ಎಂಬ ಒಂದೇ ಕ್ರಿಯಾಪದ ಮೂರು ಕೆಲಸ ಮಾಡುತ್ತದೆ. ಫ್ರೆಂಚ್‌ನಲ್ಲಿ ಮೂರಕ್ಕೂ ಬೇರೆ ಬೇರೆ ರೂಪ. ಅನುವಾದಕ್ಕೆ ಕೂರುವ ಮುಂಚೆ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

‘ಇಬ್ಬರೂ ಮದುವೆಯಾದರು’ ಎಂದಾದರೆ ‘ಸ ಮಾರಿಯೆ’. ‘ರಾಜು ಸೀತೆಯನ್ನು ಮದುವೆಯಾದ’ ಎಂದಾದರೆ ‘ಎಪೂಜೆ’. ನಮ್ಮ ‘ಸೀತೆಯನ್ನು’ ಇದ್ದಂತೆ ಅಲ್ಲೂ ನೇರ ಕರ್ಮ. ಇದನ್ನೇ ‘ಸ ಮಾರಿಯೆ’ ಬಳಸಿ ಹೇಳುವುದಾದರೆ, ‘ಜೊತೆ’ ಎಂಬರ್ಥದ ‘ಆವೆಕ್’ ಸೇರಿಸಲೇಬೇಕು. ಅಪ್ಪ ಮಗಳ ಮದುವೆ ಮಾಡಿದಾಗ, ಮೇಯರ್ ಮದುವೆ ಮಾಡಿಸಿದಾಗ ಬರೀ ‘ಮಾರಿಯೆ’. ಇಂಗ್ಲಿಷ್ ಜಾಡಿನಲ್ಲಿ ‘ರಾಜು ಆ ಮಾರಿಯೆ ಸೀತಾ’ ಎಂದು ಬರೆದರೆ, ರಾಜು ಮುಂದೆ ನಿಂತು ಸೀತೆಗೆ ಬೇರೊಬ್ಬನೊಂದಿಗೆ ಮದುವೆ ಮಾಡಿಸಿದಂತಾಗುತ್ತದೆ. ಬೆಲ್ಜಿಯಂ, ಕೆನಡಾದ ಕ್ವಿಬೆಕ್‌ಗಳ ಆಡುಮಾತಿನಲ್ಲಿ ‘ಮದುವೆಯಾದ’ ಎಂಬರ್ಥಕ್ಕೇ ಈ ಬಳಕೆ ಇದ್ದರೂ ಬರಹಕ್ಕೆ ಬೇಡ.

ಆಮೇಲೆ ನಾಮಪದಗಳು. ವಧುವಿಗೆ ‘ಲಾ ಮಾರಿಯೆ’, ವರನಿಗೆ ‘ಲ ಮಾರಿಯೆ’. ಇಂಗ್ಲಿಷ್‌ನ ‘ಬ್ರೈಡ್’ ಕಾಗುಣಿತವನ್ನು ಹಾಗೇ ಉಳಿಸಿದರೆ ಫ್ರೆಂಚ್‌ನಲ್ಲಿ ಅದು ‘ಬ್ರೀದ್’, ಅಂದರೆ ಕುದುರೆಯ ಕಡಿವಾಣ! ‘ಗ್ರೂಮ್’ ಎಂದರೆ ಹೋಟೆಲಿನಲ್ಲಿ ಪೆಟ್ಟಿಗೆ ಹೊರುವ ಹುಡುಗ. ನಿಶ್ಚಿತಾರ್ಥಕ್ಕೆ ‘ಫಿಯಾನ್ಸಾಯ್’, ಸದಾ ಬಹುವಚನ. ಮದುವೆಯ ಉಂಗುರ ‘ಆಲಿಯಾನ್ಸ್’.

ನಂಟಿನ ಪದಗಳಲ್ಲಿ ಫ್ರೆಂಚ್ ಬಡವಾಗುತ್ತದೆ. ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರೂ ‘ಬೆಲ್ ಸರ್’. ‘ಬೆಲ್ ಮೇರ್’ ಎಂದರೆ ಅತ್ತೆಯೂ ಹೌದು, ಮಲತಾಯಿಯೂ ಹೌದು. ಸಂಬಂಧ ಮುಖ್ಯವಾದ ಕಡೆ ಬಿಡಿಸಿ ಬರೆಯಿರಿ: ಅತ್ತೆಗೆ ‘ಲಾ ಮೇರ್ ದ ಮೊಂ ಮಾರಿ’, ಗಂಡನ ತಾಯಿ.

ವೀಸಾ ಕಾಗದಗಳಾದರೆ ಇನ್ನೂ ಎಚ್ಚರ ಬೇಕು. ಸಾಮಾನ್ಯವಾಗಿ ಪ್ರಮಾಣೀಕೃತ ಅನುವಾದಕರ ಮೊಹರು ಕೇಳುತ್ತಾರೆ. ನಿಮ್ಮ ಕರಡು ಸರಿಯಿದ್ದರೆ ಅವರ ಕೆಲಸವೂ ಹಗುರ. ವಿವಾಹ ನೋಂದಣಿ ಪತ್ರಕ್ಕೆ ‘ಆಕ್ತ್ ದ ಮಾರಿಯಾಜ್’. ಇಂಗ್ಲಿಷ್‌ನ ‘ಮ್ಯಾರೇಜ್’ಗೆ ಎರಡು ‘ಆರ್’, ಇದಕ್ಕೆ ಒಂದೇ. ಅವಿವಾಹಿತರಿಗೆ ‘ಸೆಲಿಬತೇರ್’, ಇಂಗ್ಲಿಷ್‌ನ ‘ಸೆಲಿಬೇಟ್’ಗಿರುವ ಬ್ರಹ್ಮಚರ್ಯದ ಅರ್ಥ ಇದರಲ್ಲಿಲ್ಲ. ತವರಿನ ಹೆಸರಿಗೆ ‘ನೊಂ ದ ನೆಸಾನ್ಸ್’ ಎನ್ನಿ. ಹಳೆಯ ‘ನೊಂ ದ ಜನ್ ಫೀಯ್’ ಅನ್ನು ಫಾರಂಗಳಿಂದ ತೆಗೆಯುವಂತೆ 2012ರ ಫೆಬ್ರುವರಿಯಲ್ಲೇ ಫ್ರಾನ್ಸ್ ಸರ್ಕಾರ ಸುತ್ತೋಲೆ ಹೊರಡಿಸಿದೆ. ನಮ್ಮ ಪತ್ರದಲ್ಲಿ ಮುಹೂರ್ತದ ದಿನ, ನೋಂದಣಿಯ ದಿನ ಎರಡೂ ಇರುತ್ತವೆ. ಫ್ರಾನ್ಸ್‌ನಲ್ಲಿ ಕಾನೂನಿನ ಮದುವೆ ನಡೆಯುವುದೇ ಪುರಭವನದಲ್ಲಿ, ಅಲ್ಲೇ ದಾಖಲಾಗುತ್ತದೆ; ಹಾಗಾಗಿ ಎರಡು ತಾರೀಖು ಕಂಡರೆ ಅಲ್ಲಿನ ಗುಮಾಸ್ತರು ಗಲಿಬಿಲಿಗೊಳ್ಳಬಹುದು. ಯಾವುದು ಯಾವುದೆಂದು ಎರಡಕ್ಕೂ ಸ್ಪಷ್ಟ ಶೀರ್ಷಿಕೆ ಕೊಡಿ.