ಗಿರ್ಮಿಟ್ ಮೆತ್ತಗಾದರೆ ಮಂಡಕ್ಕಿಯನ್ನು ಬೈಯಬೇಡಿ

ಕಳೆದ ಶ್ರಾವಣದಲ್ಲಿ ಒಂದು ಸಂಜೆ ಮಗನ ಬೆಂಗಳೂರಿನ ಮನೆಗೆ ಆರೇಳು ಮಂದಿ ಬರುವವರಿದ್ದರು. ಬೇಯಿಸಿದ ಹುಳಿ ಗೊಜ್ಜಿನಲ್ಲಿ ಮಂಡಕ್ಕಿ ಕಲಸುವ ನಮ್ಮ ಕಡೆಯ ತಿಂಡಿ ಗಿರ್ಮಿಟ್ಟನ್ನು ಸೊಸೆ ಮಾಡುತ್ತೇನೆಂದಾಗ ಧಾರವಾಡದವಳಾದ ನನಗೆ ಹಿಗ್ಗಾಯಿತು. ಆದರೆ ಅವಳು ಒಲೆಯಿಂದ ಇಳಿಸಿದ ಗೊಜ್ಜನ್ನು ಕುದಿಯುತ್ತಿರುವಂತೆಯೇ ಮಂಡಕ್ಕಿಯ ಮೇಲೆ ಸುರಿದು, ಕಲಸಿ, ಬಿಸಿ ಆರದಿರಲೆಂದು ತಟ್ಟೆ ಮುಚ್ಚಿಟ್ಟಳು. ಅರ್ಧ ತಾಸಿನ ಮೇಲೆ ತಟ್ಟೆ ತೆಗೆದರೆ ಬೋಗುಣಿಯಲ್ಲಿ ಇದ್ದದ್ದು ಸುಸಲಾ. ಸುಸಲಾ ಕೆಟ್ಟ ತಿಂಡಿಯೆಂದು ನಾನು ಹೇಳುತ್ತಿಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕುವುದು ಬೆಳಗಿನ ಹೊತ್ತಿಗೆ ಬಹಳ ಚೆನ್ನ. ಆದರೆ ಗಿರ್ಮಿಟ್ ಮಾಡಲು ಹೋಗಿ ಸುಸಲಾ ಮಾಡಿ, ಕೊನೆಗೆ "ಈ ಮಂಡಕ್ಕಿಯೇ ಸರಿಯಿಲ್ಲ, ಅತ್ತೆ" ಎಂದರೆ ಸುಮ್ಮನಿರಲು ಯಾರಿಂದ ಆಗುತ್ತದೆ?

ಮಂಡಕ್ಕಿಯ ತಿನಿಸುಗಳೆಲ್ಲ ಒಂದೇ, ಮೇಲೆ ಉದುರಿಸುವ ಮಸಾಲೆ ಮಾತ್ರ ಬೇರೆ ಎಂದು ಈಗಿನವರು ತಿಳಿದಿದ್ದಾರೆ. ಹಾಗಲ್ಲ. ಮಂಡಕ್ಕಿಗೆ ಮೊದಲು ಏನು ತಾಗುತ್ತದೆ, ಎಣ್ಣೆಯೋ ನೀರೋ ಎಂಬುದರಲ್ಲಿಯೇ ಅವುಗಳ ಜಾತಿ ನಿರ್ಧಾರವಾಗುತ್ತದೆ. ಕೋಲ್ಕತ್ತದ ಝಾಲ್‌ಮುರಿಯವನು ಡಬ್ಬಿಯಲ್ಲಿ ಹಸಿ ಸಾಸಿವೆ ಎಣ್ಣೆಯನ್ನು ಬಿಟ್ಟು, ಹಸಿಮೆಣಸಿನಕಾಯಿ, ಕಡಲೆ, ತೆಂಗಿನ ಚೂರು ಎಲ್ಲವನ್ನೂ ಕುಲುಕಿ ಕಾಗದದ ಪೊಟ್ಟಣಕ್ಕೆ ಸುರಿಯುತ್ತಾನೆ. ನಮ್ಮ ಕರಾವಳಿಯ ಸಮುದ್ರದ ದಂಡೆಯ ಚರುಮುರಿಯಲ್ಲಿ ಅದೇ ಕೆಲಸವನ್ನು ತೆಂಗಿನೆಣ್ಣೆ ಮಾಡುತ್ತದೆ, ಜೊತೆಗೆ ಖಾರದ ಪುಡಿಯೂ ಮಾವಿನಕಾಯಿಯ ಚೂರೂ ಬೀಳುತ್ತವೆ. ಎಣ್ಣೆ ಹತ್ತಿದ ಮಂಡಕ್ಕಿ ಟೊಮೆಟೊದ ನೀರನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಅದಕ್ಕಾಗಿಯೇ ಆ ಪೊಟ್ಟಣವನ್ನು ಹಿಡಿದು ದಂಡೆಯ ಉದ್ದಕ್ಕೂ ನಡೆಯುತ್ತಾ ತಿನ್ನಬಹುದು. ಮುಂಬಯಿಯ ಭೇಳಿನಲ್ಲಿ ಹುಣಸೆ-ಖರ್ಜೂರದ ಚಟ್ನಿ, ಕೊತ್ತಂಬರಿ ಚಟ್ನಿ ಎರಡೂ ನೀರಿನವು. ಅದರ ರುಚಿ ದೊಡ್ಡದು, ಆಯುಷ್ಯ ಚಿಕ್ಕದು. ಕೈಗೆ ಕೊಟ್ಟ ಕ್ಷಣವೇ ತಿನ್ನದವನಿಗೆ ಭೇಳು ಸಿಕ್ಕುವುದಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಎಂಬ ಬಡಾವಣೆಯೇ ಇದೆ. ಅಲ್ಲಿನ ನರ್ಗಿಸ್ ಮಂಡಕ್ಕಿಯಲ್ಲಿ ಹುರಿಗಡಲೆ ಹಿಟ್ಟು ಕೈಗೆ ಹತ್ತುವಷ್ಟು ಇರುತ್ತದೆ, ಅದೂ ಒಂದು ಜಾಣತನವೇ. ಬೆಂಗಳೂರಿನ ಗಾಡಿಗಳ ಚುರುಮುರಿಗೆ ಕ್ಯಾರೆಟ್ ತುರಿ, ನಿಂಬೆರಸ, ಕಾಂಗ್ರೆಸ್ ಕಡಲೆಕಾಯಿ ಸೇರುತ್ತವೆ. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ, ಏಕೆಂದರೆ ಇಲ್ಲಿಗೆ ಬಂದ ಹೊಸತರಲ್ಲಿ ಅಂಗಡಿಯಲ್ಲಿ ಎರಡು ಸೇರು ಚುರುಮುರಿ ಕೇಳಿ ನಗೆಪಾಟಲಾದವಳು ನಾನು. ನಮ್ಮ ಕಡೆ ಚುರುಮುರಿ ಎಂದರೆ ಬರಿಯ ಮಂಡಕ್ಕಿ. ಇಲ್ಲಿ ಅದಕ್ಕೆ ಕಡಲೆಪುರಿ ಎನ್ನಬೇಕಂತೆ.

ಇವೆಲ್ಲವುಗಳ ನಡುವೆ ಗಿರ್ಮಿಟ್‌ನದೇ ಕಷ್ಟದ ದಾರಿ. ಹಸಿ ಎಣ್ಣೆಯಿಲ್ಲ, ಹಸಿ ಚಟ್ನಿಯಿಲ್ಲ. ಬೇಯಿಸಿದ ಗೊಜ್ಜಿನಿಂದಲೇ ಅದು ಆಗಬೇಕು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನ, ಹುಣಸೆ ಹುಳಿ, ಬೆಲ್ಲ ಎಷ್ಟೆಷ್ಟೆಂದು ನನ್ನನ್ನು ಕೇಳಬೇಡಿ. ನಾಲಿಗೆಗೆ ಮೊದಲು ಹುಳಿ ತಾಗಿ, ಹಿಂದೆ ಸಿಹಿ ಬಂದು, ಗಂಟಲಲ್ಲಿ ಖಾರ ನಿಂತರೆ ಸರಿಯಾಗಿದೆ ಎಂದರ್ಥ. ನಾನು ಹೇಳಬೇಕಾದದ್ದು ಇಷ್ಟು: ಹುಳಿ ಹಾಕಿದ ಮೇಲೆ ಒಂದು ಕುದಿ ಬಂತೆಂದು ಇಳಿಸಬೇಡಿ. ಗೊಜ್ಜು ಗಟ್ಟಿಯಾಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ಸವುಟಿನಿಂದ ಎಳೆದರೆ ಬಾಣಲೆಯ ತಳ ಕಾಣುವವರೆಗೆ ಸಣ್ಣ ಉರಿಯಲ್ಲಿ ಕಾಯಬೇಕು. ನೀರು ಹೋಗಿ ಎಣ್ಣೆ ಉಳಿಯಬೇಕು. ಎಣ್ಣೆ ಸುರಿಯಲು ಕೈ ಹಿಂಜರಿಯುವವರು ಆ ದಿನ ಉಪ್ಪಿಟ್ಟು ಮಾಡಿಕೊಳ್ಳಲಿ. ಆಮೇಲೆ ಗೊಜ್ಜು ಪೂರ್ತಿ ಆರಬೇಕು. ಬೆರಳು ಅದ್ದಿದರೆ ಬೆಚ್ಚಗೂ ಇರಬಾರದು. ನಾನಂತೂ ಅದನ್ನು ಮಧ್ಯಾಹ್ನವೇ ಮಾಡಿಟ್ಟುಬಿಡುತ್ತೇನೆ.

ಇನ್ನು ಮಂಡಕ್ಕಿ. 1974ರಲ್ಲಿ ನಾನು ಮದುವೆಯಾಗಿ ಬಂದಾಗ ನಮ್ಮ ಅತ್ತೆಯವರು ಇದೊಂದನ್ನು ಮಾತ್ರ ಯಾರ ಕೈಗೂ ಬಿಡುತ್ತಿರಲಿಲ್ಲ, ನನ್ನ ಕೈಗೆ ಬರಲು ಮೂರು ಮಳೆಗಾಲ ಬೇಕಾಯಿತು. ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸಿರುತ್ತಾರೆ. ಆ ಉಪ್ಪೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಧಾರವಾಡದ ಮಳೆಯಲ್ಲಿ ಚೀಲ ಬಿಚ್ಚಿಟ್ಟು ಒಂದು ಮಾತು ಮುಗಿಸುವಷ್ಟರಲ್ಲಿ ಅದು ಮೆತ್ತಗಾಗುತ್ತದೆ. ಆದ್ದರಿಂದ ಇಂದೇ ತಂದ ಮಂಡಕ್ಕಿಯಾದರೂ ಮೊದಲು ಸಾಣಿಗೆ ಹಿಡಿದು, ಮರಳು ಮತ್ತು ಪುಡಿಯನ್ನು ಕಳೆಯಬೇಕು. ದಪ್ಪ ಕಬ್ಬಿಣದ ಬಾಣಲೆಯನ್ನು ಕಾಯಿಸಿ, ಉರಿಯನ್ನು ಅತಿ ಸಣ್ಣದು ಮಾಡಿ, ಎರಡೆರಡು ಬೊಗಸೆಯಂತೆ ಹಾಕಿ ಕೈಯಾಡಿಸುತ್ತಲೇ ಇರಬೇಕು. ಬಣ್ಣ ತಿರುಗಬಾರದು. ಮೊದಮೊದಲು ಮಂಡಕ್ಕಿ ಬಾಣಲೆಗೆ ಸಪ್ಪಳವಿಲ್ಲದೆ ಉರುಳುತ್ತದೆ. ತೇವ ಹೋಗುತ್ತಿದ್ದಂತೆ ಒಣ ಎಲೆ ಸರಿದಂತೆ ಸರಸರ ಎನ್ನತೊಡಗುತ್ತದೆ. ಅತ್ತೆಯವರು ಜಗಲಿಯಲ್ಲಿ ಕುಳಿತು ಆ ಸದ್ದನ್ನೇ ಕೇಳಿ "ಇಳಿಸು" ಎನ್ನುತ್ತಿದ್ದರು. ಒಂದು ಕಾಳನ್ನು ಬೆರಳಿನಲ್ಲಿ ಒತ್ತಿದರೆ ಚಪ್ಪಟೆಯಾಗದೆ ಪುಡಿಯಾಗಬೇಕು. ಇಳಿಸಿದ್ದನ್ನು ಸ್ಟೀಲಿನ ಪಾತ್ರೆಗೆ ಸುರಿಯಬೇಡಿ, ಮುಚ್ಚಲೂ ಬೇಡಿ. ಅದರ ಬಿಸಿಗೆ ಅದೇ ಬೆವರುತ್ತದೆ. ಒಣಗಿದ ಹತ್ತಿಯ ಪಂಚೆಯ ಮೇಲೆ ತೆಳ್ಳಗೆ ಹರಡಿ, ಆರಿದ ಮೇಲೆ ಬಿಗಿಯಾದ ಡಬ್ಬಿಗೆ ತುಂಬಿ.  

ಕಲಸುವಾಗಲೂ ಒಂದು ಕ್ರಮವಿದೆ. ಪುಟಾಣಿ ಹಿಟ್ಟನ್ನು, ಅಂದರೆ ಹುರಿಗಡಲೆ ಹಿಟ್ಟನ್ನು, ಎಲ್ಲರೂ ಕೊನೆಗೆ ಮೇಲೆ ಉದುರಿಸುತ್ತಾರೆ. ನಾನು ಅರ್ಧವನ್ನು ಮೊದಲೇ ಒಣ ಮಂಡಕ್ಕಿಗೆ ಹಾಕಿ, ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕುತ್ತೇನೆ. ಗೊಜ್ಜಿನಲ್ಲಿ ಉಳಿದ ತೇವವನ್ನು ಮಂಡಕ್ಕಿಗಿಂತ ಮೊದಲು ಹಿಟ್ಟು ಕುಡಿಯುತ್ತದೆ, ರುಚಿಯೂ ಕಾಳಿಗೆ ಅಂಟಿಕೊಳ್ಳುತ್ತದೆ. ಉಳಿದರ್ಧ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಇವೆಲ್ಲ ತಟ್ಟೆಗೆ ಹಾಕಿದ ಮೇಲೆ ಬೀಳಬೇಕು. ತೊಳೆದ ಕೊತ್ತಂಬರಿಯನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸದೆ ಹೆಚ್ಚಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಯಾವಾಗ ಕಲಸಬೇಕೆಂದು ಸೊಸೆ ಈಗಲೂ ಫೋನ್ ಮಾಡಿ ಕೇಳುತ್ತಾಳೆ. ಬಂದವರು ಚಪ್ಪಲಿ ಬಿಟ್ಟು, ಕೈತೊಳೆದು, ಕುಳಿತಿರಬೇಕು. ಮಿರ್ಚಿ ಭಜಿಯ ಮೊದಲ ಒಬ್ಬೆ ಎಣ್ಣೆಗೆ ಬಿದ್ದಿರಬೇಕು. ಆ ಭಜಿ ಒಂದು ಬದಿ ಕೆಂಪಗಾಗಿ ಮಗುಚುವ ಹೊತ್ತಿಗೆ ಗೊಜ್ಜು ಮಂಡಕ್ಕಿಗೆ ಬೀಳಲಿ, ಅದಕ್ಕೂ ಮೊದಲು ಬೇಡ.