ಮಿಷಿಗನ್‌ಗೆ ಬರುವ ಕೋಲಾರ, ಚಿಕ್ಕಬಳ್ಳಾಪುರದವರು ಆದಾಯದ ಗೆರೆಯನ್ನು ಓದುವ ಬಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಲಿನ ಕಾರು ಉದ್ಯಮಕ್ಕೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದೇ ‘ಈ ಸಂಬಳ ಸಾಕೇ ಸರ್?’ ಎಂದು. ಜೊತೆಗೆ ಒಂದು ಗ್ರಾಫ್ ಕಳಿಸುತ್ತಾರೆ: ಮಿಷಿಗನ್ ಮನೆಗಳ ಮಧ್ಯಾಂಕ ಆದಾಯ ವರ್ಷದಿಂದ ವರ್ಷಕ್ಕೆ ಏರುತ್ತಿರುವ ಚಿತ್ರ. ಅದನ್ನು ನೋಡಿ ಹಿಗ್ಗಬೇಡಿ.

ರಾಜ್ಯದ ಮನೆಗಳನ್ನೆಲ್ಲ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಸಿಗುವ ಮನೆಯ ಆದಾಯವೇ ಮಧ್ಯಾಂಕ. ನಮ್ಮ ಪತ್ರಿಕೆಗಳಲ್ಲಿ ಬರುವ ಜಿಲ್ಲಾವಾರು ತಲಾ ಆದಾಯ ಬೇರೆ. ಅದು ಒಟ್ಟು ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ ಲೆಕ್ಕ. ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಎದ್ದರೆ, ಶ್ರೀನಿವಾಸಪುರದ ಮಾವಿನ ತೋಟದವರಿಗೆ ಬಿಡಿಗಾಸು ಹೆಚ್ಚಿಗೆ ಸಿಗದಿದ್ದರೂ ಕೋಲಾರದ ತಲಾ ಆದಾಯ ಏರುತ್ತದೆ. ಮಧ್ಯಾಂಕ ಅಷ್ಟು ಸುಲಭಕ್ಕೆ ಉಬ್ಬುವುದಿಲ್ಲ.

ಅದನ್ನೂ ಉಬ್ಬಿಸುವುದು ಬೆಲೆ ಏರಿಕೆ. 2000ದ ಜನಗಣತಿಯ ಪ್ರಕಾರ 1999ರಲ್ಲಿ ಮಿಷಿಗನ್‌ನ ಮಧ್ಯಾಂಕ 44,667 ಡಾಲರ್, ಇಡೀ ದೇಶದ್ದು 41,994. ಈ ರಾಜ್ಯವೇ ಮುಂದಿತ್ತು. 2023ರ ಅಮೆರಿಕನ್ ಸಮುದಾಯ ಸಮೀಕ್ಷೆಯಲ್ಲಿ ಮಿಷಿಗನ್ ಸುಮಾರು 69,000, ದೇಶ ಸುಮಾರು 77,700. ಗ್ರಾಹಕ ಬೆಲೆ ಸೂಚ್ಯಂಕ ಹಿಡಿದು ನೋಡಿದರೆ 1999ರ ಒಂದು ಡಾಲರ್ 2023ರ 1.83 ಡಾಲರಿಗೆ ಸಮ. ಅಂದರೆ ಮಿಷಿಗನ್‌ನ ಅಂದಿನ ಮಧ್ಯಾಂಕ 2023ರ ಬೆಲೆಯಲ್ಲಿ ಹೆಚ್ಚುಕಡಿಮೆ 81,700. ಏರಿದಂತೆ ಕಾಣುವ ಗೆರೆ ನಿಜದಲ್ಲಿ ಹನ್ನೆರಡು ಸಾವಿರ ಡಾಲರಿಗೂ ಮಿಕ್ಕಿ ಕುಸಿದಿದೆ! ದೇಶದ ಮಧ್ಯಾಂಕವಾದರೋ ಇದ್ದಲ್ಲಿಂದ ತುಸುವೇ ಮೇಲೆ ಬಂದಿದೆ.

ಕಾರಣವನ್ನು ಕೆಜಿಎಫ್ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದಾಗ ಹೋದದ್ದು ಗಣಿ ಕಾರ್ಮಿಕರ ಸಂಬಳ ಮಾತ್ರವಲ್ಲ, ಆ ಸಂಬಳವನ್ನೇ ನಂಬಿದ್ದ ಅಂಗಡಿಗಳ ವ್ಯಾಪಾರವೂ ಹೋಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಲ್ಲಿಯ ಕಾರು ಕಾರ್ಖಾನೆಗಳು ಆಳು ಕಡಿತಕ್ಕಿಳಿದವು. ಕಾಲೇಜು ಮೆಟ್ಟಿಲು ಹತ್ತದವರಿಗೂ ಕಾರ್ಮಿಕ ಸಂಘದ ಬಲದಿಂದ ಒಳ್ಳೆಯ ಸಂಬಳ ಕೊಡಿಸುತ್ತಿದ್ದ ಕೆಲಸಗಳವು. 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು. 2000 ಮತ್ತು 2010ರ ಗಣತಿಗಳ ನಡುವೆ ಜನಸಂಖ್ಯೆ ಕುಗ್ಗಿದ ಏಕೈಕ ರಾಜ್ಯ ಇದು. ಕೆಜಿಎಫ್‌ನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆಗೆ ಮರಳುತ್ತಾರೆ. ಇಲ್ಲಿಂದ ಹೊರಟವರು ರಾಜ್ಯವನ್ನೇ ಬಿಟ್ಟರು.

ನಿಮ್ಮ ಕೆಲಸದ ಪ್ರಸ್ತಾಪವನ್ನು ರಾಜ್ಯದ ಅಂಕಿಗೆ ಹೋಲಿಸಬೇಡಿ. ನಮ್ಮವರು ಹೆಚ್ಚಾಗಿ ಮನೆ ಹುಡುಕುವ ನೋವಿ, ಟ್ರಾಯ್ ಊರುಗಳೆರಡೂ ಓಕ್‌ಲ್ಯಾಂಡ್ ಕೌಂಟಿಯವು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು). ಅಲ್ಲಿಯ ಮಧ್ಯಾಂಕ ರಾಜ್ಯದ್ದಕ್ಕಿಂತ ಬಹಳ ಮೇಲಿದೆ. ಪಕ್ಕದ ವೇಯ್ನ್ ಕೌಂಟಿ, ಅಂದರೆ ಡೆಟ್ರಾಯಿಟ್ ನಗರ ಇರುವುದು, ರಾಜ್ಯಕ್ಕಿಂತ ಕೆಳಗೆ. ಆದ್ದರಿಂದ ಕೌಂಟಿಯ ಅಂಕಿಯನ್ನೇ ನೋಡಿ. (2020ರ ಜಾಗ ಖಾಲಿ ಕಂಡರೆ ಗಾಬರಿ ಬೇಡ. ಕೋವಿಡ್‌ನಿಂದ ಆ ವರ್ಷದ ಸಮೀಕ್ಷೆ ಎಡವಿತ್ತು.)

ಇನ್ನೊಂದು ಮಾತು. ಈ ಅಂಕಿ ತೆರಿಗೆ ಕಳೆಯುವ ಮುಂಚಿನದು, ಮನೆಯಲ್ಲಿ ದುಡಿಯುವ ಎಲ್ಲರ ಆದಾಯವನ್ನೂ ಕೂಡಿಸಿದ್ದು. ಹೆಂಡತಿಯೋ ಗಂಡನೋ ಕೆಲಸದ ಅನುಮತಿಯಿಲ್ಲದೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬರುವುದಾದರೆ ನಿಮ್ಮ ಒಬ್ಬರ ಸಂಬಳವೇ ಇಡೀ ಮನೆಯ ಆದಾಯ. ಮಿಷಿಗನ್‌ನಲ್ಲಿ ಎಲ್ಲವೂ ಅಗ್ಗ ಎಂದು ಕಂಪನಿಯವರು ಸಂಬಳ ಇಳಿಸಲು ನೋಡಿದರೆ, ಅವರ ಮುಂದೆ ನೋವಿಯ ಎರಡು ಕೋಣೆಯ ಮನೆಯ ಬಾಡಿಗೆಯನ್ನು ಇಟ್ಟು ಮಾತು ಮುಂದುವರಿಸಿ.